ಭೌತಶಾಸ್ತ್ರ ವಿಭಾಗದ ಬಾಗಿಲು ಊರಿಗೂ ತೆರೆಯಲಿ

ಫೆಬ್ರುವರಿ 28 ಬಂತೆಂದರೆ ನಮ್ಮ ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನದ ಸಭೆ ಸೇರುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಸನ್ಮಾನ, ಅಧ್ಯಕ್ಷರ ಮಾತು. ಇಷ್ಟೆಲ್ಲ ಆಗಿ ಆಹ್ವಾನಿತ ವಿಜ್ಞಾನಿ ಮಾತಿಗೆ ನಿಲ್ಲುವ ವೇಳೆಗೆ ಊಟದ ಹೊತ್ತು ಹತ್ತಿರವಾಗಿರುತ್ತದೆ. ಉಪನ್ಯಾಸ ಬಹುಪಾಲು ಇಂಗ್ಲಿಷಿನಲ್ಲಿ. ಕೇಳುವವರು ಎಂ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಪ್ರಶ್ನೆ ಕೇಳಲು ಎದ್ದವರನ್ನು ಸಮಯವಿಲ್ಲವೆಂದು ಕೂರಿಸಿ ವಂದನಾರ್ಪಣೆ ಶುರುವಾಗುತ್ತದೆ. ಕ್ಯಾಂಪಸ್ಸಿನ ಗೇಟಿನಾಚೆಯ ಊರಿಗೆ ಇಂಥದೊಂದು ಉಪನ್ಯಾಸ ನಡೆಯಿತೆಂಬ ಸುದ್ದಿಯೂ ತಲುಪುವುದಿಲ್ಲ.

ಈ ಪದ್ಧತಿ ಬದಲಾಗಬೇಕು. ವಿಶ್ವವಿದ್ಯಾಲಯದ ಉಪನ್ಯಾಸ ಊರಿನ ಸ್ವತ್ತೂ ಹೌದು. ಅದು ನಡೆಯುವುದು ಜನರ ತೆರಿಗೆಯ ಹಣದಲ್ಲಿ; ಆಕಾಶವಂತೂ ಯಾವ ವಿಭಾಗದ ಪಠ್ಯಕ್ರಮಕ್ಕೂ ಸೇರಿದ್ದಲ್ಲ.

ಫೆಬ್ರುವರಿ 28 ನಮ್ಮೆಲ್ಲರಿಗೂ ಗೊತ್ತು. ಅದೇ 1928ರ ಮಾರ್ಚ್ 16 ನೆನಪಿರುವವರು ಕಡಿಮೆ. ಕಲ್ಕತ್ತೆಯ ಆವಿಷ್ಕಾರಕ್ಕೆ ಮೂರು ವಾರ ತುಂಬುವ ಮೊದಲೇ ಸಿ.ವಿ. ರಾಮನ್ ಬೆಂಗಳೂರಿಗೆ ಬಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣದಲ್ಲಿ ತಾವು ಕಂಡ ಹೊಸ ವಿಕಿರಣದ ಬಗ್ಗೆ ವಿಸ್ತಾರವಾಗಿ ಮಾತನಾಡಿದರು. ಮುಂದೆ ನೊಬೆಲ್ ತಂದುಕೊಟ್ಟ ಕೆಲಸ ಆಗಿನ್ನೂ ಹಸಿಹಸಿಯಾಗಿತ್ತು. ಅದನ್ನು ಕೇಳುಗರ ಎದುರು ಇಡಲು ಅವರು ಕಾಯುತ್ತ ಕೂರಲಿಲ್ಲ. ಕಂಡದ್ದನ್ನು ಒಡನೆಯೇ ಇನ್ನೊಬ್ಬರಿಗೆ ಹೇಳುವ ಆ ತವಕವೇ ವಿಜ್ಞಾನ ದಿನದ ಜೀವ ಎಂದು ನಾವು ನಂಬಿದ್ದೇವೆ.

ಕನ್ನಡನಾಡಿಗೆ ಈ ತವಕ ಹೊಸತೇನಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲೇ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಯೋಜನೆಯಲ್ಲಿ ಪ್ರಾಧ್ಯಾಪಕರೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಆ ಮಾತುಗಳು ಅಗ್ಗದ ಪುಟ್ಟ ಪುಸ್ತಕಗಳಾಗಿ ಮನೆಮನೆಗೆ ಬಂದವು. ಆರ್.ಎಲ್. ನರಸಿಂಹಯ್ಯನವರಂಥ ಭೌತಶಾಸ್ತ್ರದ ಮೇಷ್ಟ್ರು ನಕ್ಷತ್ರಗಳ ಹುಟ್ಟುಸಾವನ್ನು ತಿಳಿಗನ್ನಡದಲ್ಲಿ ಬರೆದರು. ಕನ್ನಡದಲ್ಲಿ ಹೇಳಲಾಗದು ಎಂಬ ನೆಪ ಅಂದೇ ಮುಗಿದುಹೋಗಿದೆ. ಬ್ಲಾಕ್ ಹೋಲ್ ಎನ್ನಿ, ಕಪ್ಪುಕುಳಿ ಎನ್ನಿ, ಜನಕ್ಕೆ ಅರ್ಥವಾದರೆ ಸಾಕು.

ಎಲ್ಲಕ್ಕಿಂತ ಹತ್ತಿರದ ಮಾದರಿ ಬಸವನಗುಡಿಯಲ್ಲಿದೆ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರು ಮಾಡಿದ ವ್ಯವಸ್ಥೆ ಸರಳ: ಬುಧವಾರ ಸಂಜೆ ಉಪನ್ಯಾಸ, ಯಾರು ಬೇಕಾದರೂ ಬರಬಹುದು, ಟಿಕೆಟ್ ಇಲ್ಲ. ಜುಲೈ ತಿಂಗಳಲ್ಲಿ ಉಪನ್ಯಾಸಗಳ ದೊಡ್ಡ ಸರಣಿ. ದಿನ ಮತ್ತು ಹೊತ್ತು ಬದಲಾಗದ್ದರಿಂದ ಜನರಿಗೆ ಆಹ್ವಾನ ಪತ್ರಿಕೆಯೇ ಬೇಕಾಗಲಿಲ್ಲ. ನಿವೃತ್ತ ಗುಮಾಸ್ತರೂ ಪಿಯುಸಿ ಹುಡುಗರೂ ಒಂದೇ ಬೆಂಚಿನಲ್ಲಿ ಕೂತು ದೊಡ್ಡ ವಿಜ್ಞಾನಿಗಳ ಮಾತು ಕೇಳಿದರು. ಇದಕ್ಕೆ ಬೇಕಾದದ್ದು ಕೋಟಿ ರೂಪಾಯಿಯ ಅನುದಾನವಲ್ಲ. ಪ್ರತಿ ವಾರ ಬಾಗಿಲು ತೆಗೆಯುವ ಛಲ. ಧಾರವಾಡ, ಕಲಬುರಗಿ, ಮಂಗಳೂರು, ಶಿವಮೊಗ್ಗ, ತುಮಕೂರಿನ ವಿಶ್ವವಿದ್ಯಾಲಯಗಳಿಗೆ ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಂದು ಸಂಜೆಯಾದರೂ ಸಾಧ್ಯವಿದೆ. ಮೊದಲು ಉಪನ್ಯಾಸ, ಕತ್ತಲಾದ ಮೇಲೆ ದೂರದರ್ಶಕದಲ್ಲಿ ಚಂದ್ರನ ಕುಳಿ, ಗುರುವಿನ ಉಪಗ್ರಹ. ವೇದಿಕೆಯ ವಿಧಿಗಳನ್ನು ಐದು ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತನ್ನು ಪ್ರಶ್ನೆಗಳಿಗೆ ಕೊಡಲಿ.

ಪ್ರಶ್ನೆಗಳ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆ ಸೂರ್ಯ ಕಂಕಣವಾಗಿ ಕಂಡ. ಜನ ರಕ್ಷಣಾ ಕನ್ನಡಕ ಹಾಕಿಕೊಂಡು ಕಣ್ತುಂಬಿಕೊಂಡರು. ಅದೇ ಗ್ರಹಣದ ಹೊತ್ತಿಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಂದೆತಾಯಿಯರನ್ನು ನಾವು ಹಳಿಯುವುದಿಲ್ಲ. ಮಗುವಿಗೆ ಗುಣವಾದೀತೆಂಬ ಆಸೆ ಯಾರನ್ನಾದರೂ ಎಲ್ಲಿಗಾದರೂ ಒಯ್ಯಬಲ್ಲದು. ನಾವು ಕೇಳುವುದು ವಿಶ್ವವಿದ್ಯಾಲಯಗಳನ್ನು: ವಿಶ್ವವಿದ್ಯಾಲಯವಿರುವ ಊರಿನ ಮಗ್ಗುಲಲ್ಲಿ ಗ್ರಹಣದ ಬಗ್ಗೆ ಆ ಮನೆಗಳವರ ಜೊತೆ ಕೂತು ಮಾತನಾಡುವವರು ಯಾಕಿರಲಿಲ್ಲ?

ಮುಂದಿನ ಅವಕಾಶದ ದಿನಾಂಕ ಈಗಲೇ ಗೊತ್ತಿದೆ. 2027ರ ಆಗಸ್ಟ್ 2, ಸೋಮವಾರ. ಈಜಿಪ್ಟಿನ ಲಕ್ಸರ್ ಸುತ್ತ ಆರು ನಿಮಿಷಕ್ಕೂ ಮೀರಿ ಖಗ್ರಾಸ ಸೂರ್ಯಗ್ರಹಣ; ನಮ್ಮಲ್ಲಿ ಸಂಜೆಯ ಕಡೆಗೆ ಪಾರ್ಶ್ವಗ್ರಹಣ. ಮಳೆಗಾಲವಾದ್ದರಿಂದ ಕರಾವಳಿ, ಮಲೆನಾಡಿನಲ್ಲಿ ಸೂರ್ಯ ಕಾಣುವುದು ಕಷ್ಟ. ಉತ್ತರದ ಬಯಲುಸೀಮೆಗೆ ಹೆಚ್ಚು ಆಸೆ. ಮೋಡ ಕವಿದರೂ ಮಾತಿಗೆ ಅಡ್ಡಿಯಿಲ್ಲ. ಗ್ರಹಣ ಕಾಲದ ಬಿಸಿಲು ಎಂದಿನ ಬಿಸಿಲೇ, ಅದರಲ್ಲಿ ಬೇರೆ ವಿಷವಿಲ್ಲ. ಅಪಾಯವಿರುವುದು ಬರಿಗಣ್ಣಿನಿಂದ ಸೂರ್ಯನನ್ನೇ ದಿಟ್ಟಿಸುವುದರಲ್ಲಿ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟರೂ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ರಟ್ಟಿನಲ್ಲಿ ಸೂಜಿಯಷ್ಟು ತೂತು ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಿದರೆ ಮಗುವೂ ನಿರ್ಭಯವಾಗಿ ನೋಡಬಹುದು. ಇಷ್ಟನ್ನು ಹೇಳಲು ಒಬ್ಬ ಸಂಶೋಧನಾ ವಿದ್ಯಾರ್ಥಿ ಸಾಕು.

ಪ್ರತಿ ಭೌತಶಾಸ್ತ್ರ ವಿಭಾಗವೂ ಆ ದಿನಕ್ಕೆ ಮುಂಚೆ ತನ್ನ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಒಂದೊಂದು ಕನ್ನಡ ಉಪನ್ಯಾಸ ಏರ್ಪಡಿಸಲಿ. ಶಾಲಾ ಮೇಷ್ಟ್ರುಗಳನ್ನು ಹೇಗೂ ಕರೆಯುತ್ತಾರೆ. ಅವರಿಗಿಂತ ಮೊದಲು ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿಯವರನ್ನೂ ಕರೆಯಲಿ. ಗ್ರಹಣ ಬಿಡುವವರೆಗೆ ಬಸುರಿ ಹೆಂಗಸರು ನೀರು, ಅನ್ನ ಬಿಟ್ಟು ಕೋಣೆಯೊಳಗೆ ಕೂರಬೇಕೇ ಎಂದು ಹಳ್ಳಿಯ ಮನೆಯಲ್ಲಿ ಪ್ರಶ್ನೆ ಬಂದಾಗ ಉತ್ತರ ಹೇಳಬೇಕಾದವರು ಅವರೇ.