ಬೀಟಾ ತಡೆ ಮಾತ್ರೆಗಳು: ನಿಲ್ಲಿಸುವ ಮುನ್ನ

ಆಯುರ್ವೇದ ಚಿಕಿತ್ಸೆಯನ್ನು ಅರಸಿ ಬರುವವರಲ್ಲಿ ಅನೇಕರು ನಮ್ಮೆದುರು ಕುಳಿತ ಕೂಡಲೇ ಆಡುವ ಮಾತೊಂದಿದೆ: "ಇಂಗ್ಲಿಷ್ ಮಾತ್ರೆ ಬಿಟ್ಟು ಎಂಟು ದಿನವಾಯಿತು, ಇನ್ನು ನಿಮ್ಮ ಕಷಾಯವೇ ಗತಿ." ನಮ್ಮ ಪದ್ಧತಿಯ ಮೇಲೆ ಅವರಿಟ್ಟಿರುವ ವಿಶ್ವಾಸ ದೊಡ್ಡದು. ಆದರೆ ಹಾಗೆ ಬಿಟ್ಟ ಮಾತ್ರೆಯು ಅಟೆನೊಲಾಲ್, ಮೆಟೊಪ್ರೊಲಾಲ್ ಅಥವಾ ಪ್ರೊಪ್ರನೊಲಾಲ್ ಆಗಿದ್ದರೆ ನಮಗೆ ಸಂತೋಷವಾಗುವುದಿಲ್ಲ, ಭಯವಾಗುತ್ತದೆ. ಆ ಭಯದ ಕಾರಣವನ್ನು ಸದ್ಭಕ್ತರ ಮುಂದೆ ಬಿಡಿಸಿ ಇಡುವುದು ವೈದ್ಯರಾದ ನಮ್ಮ ಕರ್ತವ್ಯವೆಂದು ತಿಳಿದು ಈ ಲೇಖನ ಬರೆಯುತ್ತಿದ್ದೇವೆ.

ದೇಹದ ಪ್ರತಿಯೊಂದು ಜೀವಕೋಶವನ್ನೂ ಕೊಬ್ಬಿನಂಶದ ತೆಳುವಾದ ಪೊರೆಯೊಂದು ಸುತ್ತುವರಿದಿದೆ. ಆ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನ ರಚನೆಗಳು ನೆಟ್ಟುಕೊಂಡಿವೆ. ಇವುಗಳಲ್ಲಿ ಹೊರಗಿನ ಸಂದೇಶವನ್ನು ಒಳಗೆ ಮುಟ್ಟಿಸುವಂಥವನ್ನು ಗ್ರಾಹಕಗಳೆಂದು ಕರೆಯುತ್ತಾರೆ. ಹೆದರಿಕೆಯಾದಾಗ ಎದೆ ಡವಡವಗುಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಆಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಹೃದಯದ ಜೀವಕೋಶಗಳ ಒಳಹೊಕ್ಕು ಕೆಲಸ ಮಾಡುವುದಿಲ್ಲ. ಹೊರಗಿನಿಂದಲೇ ಬೀಟಾ ಎಂಬ ಗ್ರಾಹಕದ ಕುಳಿಯಲ್ಲಿ ಕುಳಿತು ಅದರ ಆಕಾರವನ್ನು ತುಸು ಬದಲಿಸುತ್ತದೆ. ಪೊರೆಯನ್ನು ಏಳು ಬಾರಿ ಹಾದು ಹೆಣೆದುಕೊಂಡಿರುವ ಆ ಗ್ರಾಹಕದ ಒಳತುದಿಯೂ ಆಗ ಅಲುಗುತ್ತದೆ. ಹೃದಯ ವೇಗವಾಗಿಯೂ ಬಲವಾಗಿಯೂ ಬಡಿಯತೊಡಗುತ್ತದೆ.

ಗ್ರಾಹಕವೆಂಬುದು ಕಾಣುವುದಕ್ಕೆ ಮೊದಲು ತರ್ಕದಲ್ಲಿ ಹುಟ್ಟಿದ ವಸ್ತು. ನಿಕೋಟಿನ್ ಮಾಂಸಖಂಡವನ್ನು ಸಂಕೋಚಗೊಳಿಸುತ್ತದೆ, ಕುರಾರೆ ಎಂಬ ಬಾಣದ ವಿಷ ಅದನ್ನು ತಡೆಯುತ್ತದೆ. ಎರಡೂ ಒಂದೇ ವಸ್ತುವಿನ ಮೇಲೆ ಕೂರಲು ಪೈಪೋಟಿ ನಡೆಸುತ್ತಿರಬೇಕೆಂದು 1905ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿ ಊಹಿಸಿದರು. 1948ರಲ್ಲಿ ಅಮೆರಿಕದ ಆಲ್‌ಕ್ವಿಸ್ಟ್ ಅಡ್ರಿನಲಿನ್ನಿನ ಗ್ರಾಹಕಗಳನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಆ ಕಾಲದಲ್ಲಿ ಎದೆನೋವಿನ ಚಿಕಿತ್ಸೆಯೆಂದರೆ ಹೃದಯಕ್ಕೆ ಹೆಚ್ಚು ರಕ್ತ ಹರಿಸುವುದು ಎಂಬ ಎಣಿಕೆಯಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ತಿರುಗಿಸಿ ಯೋಚಿಸಿದರು: ಹೃದಯದ ದುಡಿಮೆಯನ್ನೇ ತಗ್ಗಿಸಿದರೆ ಅದಕ್ಕೆ ಬೇಕಾಗುವ ಆಮ್ಲಜನಕವೂ ತಗ್ಗುವುದಲ್ಲವೇ? ಈ ಯೋಚನೆಯ ಫಲವೇ 1960ರ ದಶಕದಲ್ಲಿ ಬಂದ ಪ್ರೊಪ್ರನೊಲಾಲ್. ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಮಾತ್ರೆಯ ಕೆಲಸವನ್ನು ಬೀಗದ ಹೋಲಿಕೆಯಿಂದ ತಿಳಿಯಬಹುದು. ಬೀಗದೊಳಗೆ ಹೋಗುವ, ಆದರೆ ತಿರುಗದ ಕೀಲಿಕೈ ಅದು. ತಾನೂ ಬೀಗ ತೆಗೆಯದು, ನಿಜವಾದ ಕೀಲಿಕೈಗೂ ಜಾಗ ಬಿಡದು. ಆದರೆ ಈ ಹೋಲಿಕೆಗೆ ಒಂದು ತಿದ್ದುಪಡಿ ಅಗತ್ಯ. ಔಷಧದ ಅಣು ಅಲ್ಲಿ ಶಾಶ್ವತವಾಗಿ ಕೂರುವುದಿಲ್ಲ. ಕೂರುತ್ತದೆ, ಏಳುತ್ತದೆ, ಮತ್ತೆ ಕೂರುತ್ತದೆ. ಅದು ಎದ್ದ ಕ್ಷಣದಲ್ಲಿ ಅಡ್ರಿನಲಿನ್ ಬಂದು ಕೂರಲೂಬಹುದು. ರಕ್ತದಲ್ಲಿ ಯಾವುದರ ಸಂಖ್ಯೆ ಹೆಚ್ಚೋ, ಯಾವುದು ಗಟ್ಟಿಯಾಗಿ ಅಂಟುವುದೋ ಅದಕ್ಕೆ ಮೇಲುಗೈ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕೆಂಬ ನಿಯಮದ ಹಿಂದೆ ಇರುವುದು ಈ ಪೈಪೋಟಿಯೇ.

ದೇಹವಾದರೂ ಸುಮ್ಮನಿರುವುದಿಲ್ಲ. ತಿಂಗಳುಗಟ್ಟಲೆ ಸಂದೇಶ ಸರಿಯಾಗಿ ಮುಟ್ಟದಿದ್ದಾಗ ಜೀವಕೋಶವು ತನ್ನ ಪೊರೆಯ ಮೇಲೆ ಇನ್ನಷ್ಟು ಬೀಟಾ ಗ್ರಾಹಕಗಳನ್ನು ಇರಿಸಿಕೊಳ್ಳುತ್ತದೆ. ಕಿವಿ ಮಂದವಾದ ಹಿರಿಯರು ಕಿವಿಗೆ ಕೈ ಆನಿಸಿ ಆಲಿಸುವಂತೆ! ಮಾತ್ರೆ ಇರುವವರೆಗೆ ಇದರಿಂದ ತೊಂದರೆಯಿಲ್ಲ. ಒಮ್ಮೆಲೇ ನಿಲ್ಲಿಸಿದಾಗ ಮಾತ್ರ, ಹೆಚ್ಚಿದ ಆ ಗ್ರಾಹಕಗಳೆಲ್ಲ ತೆರವಾಗಿ, ಎಂದಿನಷ್ಟೇ ಅಡ್ರಿನಲಿನ್ನಿಗೂ ಹೃದಯ ಅತಿಯಾಗಿ ಸ್ಪಂದಿಸುತ್ತದೆ. ನಾಡಿ ಏರುತ್ತದೆ, ರಕ್ತದೊತ್ತಡ ಮೇಲೇಳುತ್ತದೆ, ಹೃದಯದ ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು ಮರುಕಳಿಸುತ್ತದೆ, ಹೃದಯಾಘಾತವೂ ಸಂಭವಿಸಬಹುದು. ಕಷಾಯ ಕುಡಿದ ಮೂರನೆಯ ದಿನ ಹೀಗಾದರೆ ಜನ ಕಷಾಯವನ್ನು ದೂರುತ್ತಾರೆ. ಅದು ಹೋಗಲಿ, ರೋಗಿಯ ಪ್ರಾಣಕ್ಕೆ ಹೊಣೆ ಯಾರು?

ಇದರರ್ಥ ಈ ಮಾತ್ರೆಗಳು ನಿರಪಾಯಕಾರಿ ಎಂದಲ್ಲ. ಶ್ವಾಸನಾಳದಲ್ಲಿಯೂ ಬೀಟಾ ಗ್ರಾಹಕಗಳಿದ್ದು, ಅವು ನಾಳವನ್ನು ಸಡಿಲವಾಗಿರಿಸುತ್ತವೆ. ಪ್ರೊಪ್ರನೊಲಾಲ್ ಅವುಗಳನ್ನೂ ಮುಚ್ಚುವುದರಿಂದ ಉಬ್ಬಸದವರಿಗೆ ಅದು ಅಪಾಯ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಇದೇ ಜಾತಿಯದು. ಹನಿಯಲ್ಲವೇ ಎಂದು ಉಬ್ಬಸದವರು ಉಪೇಕ್ಷಿಸಬಾರದು. ಇನ್ನು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಕುಸಿದಾಗ ಕೈ ನಡುಗಿ, ಎದೆ ಬಡಿದು ಎಚ್ಚರಿಕೆ ದೊರೆಯುವುದಷ್ಟೆ? ಆ ಎರಡು ಲಕ್ಷಣಗಳನ್ನೂ ಬೀಟಾ ತಡೆ ಮಾತ್ರೆ ಮರೆಮಾಡಬಲ್ಲದು. ಬೆವರುವುದು ಮಾತ್ರ ಉಳಿಯುತ್ತದೆ. ಅಕಾರಣವಾಗಿ ಮೈ ಬೆವರಿದರೆ ಅಂಥವರು ಕೂಡಲೇ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.

"ಅದು ಕೆಮಿಕಲ್, ನಿಮ್ಮದು ಗಿಡಮೂಲಿಕೆ" ಎಂಬ ವಿಂಗಡಣೆಯನ್ನೂ ನಾವು ಒಪ್ಪಲಾರೆವು. ನಮ್ಮ ಶಾಸ್ತ್ರವು ಉಪವಿಷವೆಂದು ಗಣಿಸಿ, ಶೋಧನೆಯಿಲ್ಲದೆ ಬಳಸಬಾರದೆಂದ ದತ್ತೂರಿಯನ್ನೇ ನೋಡೋಣ. ಅದನ್ನು ತಿಂದವನಿಗೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಬುದ್ಧಿಭ್ರಮಣೆಯಾಗುತ್ತದೆ. ಅದರಲ್ಲಿರುವ ಅಟ್ರೊಪಿನ್ ಮೊದಲಾದ ಕ್ಷಾರಸತ್ವಗಳು ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕದ ಗ್ರಾಹಕಗಳನ್ನು ಮುಚ್ಚುವುದೇ ಇದಕ್ಕೆ ಕಾರಣ. ಪ್ರೊಪ್ರನೊಲಾಲ್ ಮಾಡುವುದೂ ಇದೇ ಬಗೆಯ ಕೆಲಸ, ಗ್ರಾಹಕ ಬೇರೆ ಅಷ್ಟೆ. ಹೊಲದಲ್ಲಿ ಸಿಂಪಡಿಸುವಾಗ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿದ ರೈತನನ್ನು ಆಸ್ಪತ್ರೆಯಲ್ಲಿ ಬದುಕಿಸುವುದು ಇದೇ ಅಟ್ರೊಪಿನ್ ಚುಚ್ಚುಮದ್ದು. ಗಿಡದಲ್ಲಿದ್ದಾಗ ವಿಷ, ಅಳತೆಯಲ್ಲಿ ಕೊಟ್ಟಾಗ ಪ್ರಾಣರಕ್ಷಕ. (ಮನೆಯಲ್ಲಿ ಯಾರೂ ದತ್ತೂರಿಯ ಪ್ರಯೋಗಕ್ಕೆ ಇಳಿಯಬಾರದು.)

ಆದ್ದರಿಂದ ನಮ್ಮ ವೃತ್ತಿಬಾಂಧವರಲ್ಲಿ ಒಂದು ವಿನಂತಿ. "ಇಂದೇ ಎಲ್ಲ ಮಾತ್ರೆ ಬಿಡಿ" ಎಂದು ಹೇಳಿ ರೋಗಿಯನ್ನು ಮೆಚ್ಚಿಸುವುದು ಸುಲಭ, ಅದು ವೈದ್ಯಧರ್ಮವಲ್ಲ. ಪಥ್ಯ, ನಡಿಗೆ, ಉಪ್ಪಿನ ಮಿತಿ, ನಿದ್ರೆ ಇವುಗಳಿಂದ ರಕ್ತದೊತ್ತಡ ಇಳಿದು ಮಾತ್ರೆಯ ಅಗತ್ಯ ಕಡಿಮೆಯಾಗುವವರಿದ್ದಾರೆ. ಆದರೂ ಅದನ್ನು ತಗ್ಗಿಸಬೇಕಾದವರು ಮಾತ್ರೆ ಬರೆದುಕೊಟ್ಟ ವೈದ್ಯರೇ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಆ ದಿನಗಳಲ್ಲಿ ಭಾರವಾದ ದುಡಿಮೆ ಸಲ್ಲದು. ನಡುವೆ ಎದೆನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿಗೆ ಬರುವವರು ತಾವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಕಣ್ಣಿನ ಹನಿಯ ಸೀಸೆಯನ್ನೂ ಜೊತೆಗೆ ತರಲಿ. ಬಣ್ಣ ಹೇಳಿದರೆ ಮಾತ್ರೆಯ ಗುರುತು ಹತ್ತುವುದಿಲ್ಲ.