ಕಟ್ಟುವ ಮೊದಲೇ ಮನೆ ತೋರುವ ಕನ್ನಡಕ

ಮನೆ ಕಟ್ಟಿಸಿದ ಅನುಭವವುಳ್ಳವರಿಗೆಲ್ಲ ಈ ಸಂಗತಿ ಗೊತ್ತಿರುತ್ತದೆ. ನಕ್ಷೆಯ ಕಾಗದದ ಮೇಲೆ ವಿಶಾಲವಾಗಿ ಕಂಡ ಅಡುಗೆಮನೆಯು, ಗೋಡೆ ಎದ್ದು ಗಿಲಾವು ಮುಗಿಯುವ ಹೊತ್ತಿಗೆ ಅದೇಕೋ ಕುಗ್ಗಿಹೋಗಿರುತ್ತದೆ. ದಾವಣಗೆರೆಯಲ್ಲಿರುವ ನಮ್ಮ ಅಕ್ಕನವರು 2009ರಲ್ಲಿ ಮನೆ ಕಟ್ಟಿಸಿದಾಗ ಹೀಗೆಯೇ ಆಯಿತು. ಎಂಟು ಅಡಿಗೆ ಹತ್ತು ಅಡಿ ಎಂದು ನಕ್ಷೆಯಲ್ಲಿ ಬರೆದದ್ದು ಸುಳ್ಳೇನೂ ಆಗಿರಲಿಲ್ಲ. ಆದರೆ ಒಲೆಯ ಕಟ್ಟೆ ಒಂದು ಮಗ್ಗುಲಿಗೆ, ಪಾತ್ರೆ ತೊಳೆಯುವ ಜಾಗ ಇನ್ನೊಂದು ಮಗ್ಗುಲಿಗೆ ಬಂದು, ನಡುವೆ ಫ್ರಿಜ್ಜಿನ ಬಾಗಿಲು ತೆರೆದರೆ ಇಬ್ಬರು ಒಟ್ಟಿಗೆ ನಿಲ್ಲಲಾಗದಂತಾಯಿತು. ಹಿಟ್ಟು ಬೇಳೆಗಳ ಡಬ್ಬಿ ಇಡುವ ಗೂಡಂತೂ, ಐದು ಅಡಿಯೂ ಎತ್ತರವಿಲ್ಲದ ಅಕ್ಕನವರಿಗೆ ಎಟುಕುವಂತೆಯೇ ಇರಲಿಲ್ಲ. "ಕಾಗದದ ಮೇಲೆ ದೊಡ್ಡದಿತ್ತಲ್ಲೋ ತಮ್ಮಾ" ಎಂದು ಅವರು ಗೃಹಪ್ರವೇಶದ ದಿನವೇ ನಮ್ಮೊಡನೆ ಅಂದಿದ್ದರು. ಮುಂದೆ ಸ್ಟೂಲು ಹತ್ತಿ ಡಬ್ಬಿ ಇಳಿಸುವುದೇ ರೂಢಿಯಾಗಿ, ಒಮ್ಮೆ ಆಯ ತಪ್ಪಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡದ್ದೂ ಆಯಿತು.

ಅವರ ಮಗನು ಕಟ್ಟಡ ವಿನ್ಯಾಸವನ್ನು ಓದಿ, 2015ರಲ್ಲಿ ಊರಿನಲ್ಲಿಯೇ ಸಣ್ಣದೊಂದು ಕಚೇರಿಯನ್ನು ತೆರೆದನು. 2016ರ ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ದೂರವಾಣಿ ಮಾಡಿ, "ಮಾಮಾ, ನನ್ನ ಹತ್ತಿರ ಒಂದೂವರೆ ಲಕ್ಷ ಕೂಡಿಸಿಟ್ಟಿದ್ದು ಐತೆ. ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟು ಮೂರು ಬರ್ತಾ ಇದಾವೆ. ಯಾವುದು ತಗೊಳ್ಳಲಿ, ನೀವು ಹೇಳ್ರಿ" ಎಂದು ಕೇಳಿದನು. ಆ ಹಣವನ್ನು ಆಟಿಕೆಗೆ ಸುರಿಯುವುದೆಂದರೆ ಹುಚ್ಚುತನವೆಂದು ಭಾವನವರು ಆಗಲೇ ತೀರ್ಪು ಕೊಟ್ಟಾಗಿತ್ತು. ಆದರೆ ಹುಡುಗನ ಉದ್ದೇಶ ಆಟವಾಗಿರಲಿಲ್ಲ. ಮನೆ ಕಟ್ಟಿಸುವವರನ್ನು, ವಿಶೇಷವಾಗಿ ಆ ಮನೆಯಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳನ್ನು, ಅಡಿಪಾಯ ತೋಡುವುದಕ್ಕೆ ಮೊದಲೇ ಆ ಮನೆಯೊಳಗೆ ನಿಲ್ಲಿಸಿ ತೋರಿಸಬೇಕೆಂಬುದು ಅವನ ಆಸೆಯಾಗಿತ್ತು. ಅದು ಎಲ್ಲಿಂದ ಹುಟ್ಟಿದ ಆಸೆ ಎಂಬುದನ್ನು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ವರ್ಚುವಲ್ ರಿಯಾಲಿಟಿಯನ್ನು ಕೆಲವರು ಮಿಥ್ಯಾವಾಸ್ತವವೆಂದು ಕನ್ನಡಿಸಿದ್ದಾರೆ. ನಮಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಕಂಡದ್ದು ಮಿಥ್ಯೆಯಾದರೂ ಕಂಡ ಮೇಲೆ ಬರುವ ತಲೆಸುತ್ತು ವಾಸ್ತವವೇ ಆಗಿರುತ್ತದೆ. ಇದರ ತತ್ವ ಹಳೆಯದು. ಎರಡು ಕಣ್ಣುಗಳಿಗೆ ತುಸುವೇ ವ್ಯತ್ಯಾಸವುಳ್ಳ ಎರಡು ಚಿತ್ರಗಳನ್ನು ತೋರಿಸಿದರೆ ಮೆದುಳು ಅವೆರಡನ್ನೂ ಕೂಡಿಸಿ ಆಳವನ್ನು ಕಲ್ಪಿಸಿಕೊಳ್ಳುತ್ತದೆ. ಅದರ ಜೊತೆಗೆ, ನಾವು ತಲೆ ತಿರುಗಿಸಿದಂತೆ ಚಿತ್ರವೂ ತಿರುಗಬೇಕು. ಅಮೆರಿಕದ ಐವನ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿಯು 1968ರಲ್ಲಿಯೇ ಇಂಥ ಸಾಧನವೊಂದನ್ನು ಮಾಡಿ ತೋರಿಸಿದ್ದರು. ತಲೆಗೆ ತೊಡುವ ಭಾಗವನ್ನು ಚಾವಣಿಗೆ ಜೋಡಿಸಿರಬೇಕಾಗಿತ್ತು. ಜಪಾನಿನ ನಿಂಟೆಂಡೊ ಕಂಪನಿಯು 1995ರಲ್ಲಿ ಕೆಂಪು ಬಣ್ಣವೊಂದನ್ನೇ ತೋರುವ ವರ್ಚುವಲ್ ಬಾಯ್ ಎಂಬ ಯಂತ್ರವನ್ನು ಮಾರಲು ಹೋಗಿ, ವರ್ಷ ತುಂಬುವುದರೊಳಗೆ ಕೈಬಿಟ್ಟಿತು. ಅಲ್ಲಿಂದ ಮುಂದೆ ಬಹುಕಾಲ ಈ ವಿದ್ಯೆಯ ಸುದ್ದಿಯನ್ನು ಸಾಮಾನ್ಯರು ಕೇಳಲಿಲ್ಲ.

ಮತ್ತೆ ಸುದ್ದಿಯಾದದ್ದು ಕ್ಯಾಲಿಫೋರ್ನಿಯಾದ ಪಾಮರ್ ಲಕ್ಕಿ ಎಂಬ ತರುಣನಿಂದ. ತಂದೆತಾಯಿಗಳ ಮನೆಯ ಗ್ಯಾರೇಜಿನಲ್ಲಿ ಕುಳಿತು ಹೆಡ್‌ಸೆಟ್ ಮಾಡುತ್ತಿದ್ದ ಈತನು 2012ರ ಆಗಸ್ಟಿನಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಎರಡೂವರೆ ಲಕ್ಷ ಡಾಲರ್ ಕೇಳಿದರೆ, ಬಂದದ್ದು ಸುಮಾರು 24 ಲಕ್ಷ ಡಾಲರ್. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಕೊಟ್ಟಿದ್ದರು. 2014ರ ಮಾರ್ಚಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಈತನ ಓಕ್ಯುಲಸ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಹೀಗೆ ಬಂದ ಓಕ್ಯುಲಸ್ ರಿಫ್ಟ್ ಎಂಬುದು ಮೂರರಲ್ಲಿ ಮೊದಲನೆಯದು. 2016ರ ಜನವರಿಯಲ್ಲಿ 599 ಡಾಲರ್ ಬೆಲೆ ಸಾರಲಾಗಿ, ಮಾರ್ಚ್ 28ರಿಂದ ಗಿರಾಕಿಗಳಿಗೆ ಕಳಿಸುವುದೆಂದು ಗೊತ್ತಾಗಿತ್ತು. ಅಂದಿನ ದರದಲ್ಲಿ ಅದು ಸುಮಾರು 40 ಸಾವಿರ ರೂಪಾಯಿ. 350 ಡಾಲರಿನ ಆಸುಪಾಸಿನಲ್ಲಿರುತ್ತದೆಂದು ನಂಬಿದ್ದ ಜನರಿಗೆ ಇದು ಸಿಟ್ಟು ತರಿಸಿತ್ತು.

ಎರಡನೆಯದು ತೈವಾನಿನ ಎಚ್‌ಟಿಸಿ ಮತ್ತು ಅಮೆರಿಕದ ವಾಲ್ವ್ ಕಂಪನಿಗಳು ಕೂಡಿ ಮಾಡಿದ ವೈವ್. 799 ಡಾಲರ್, ಅಂದರೆ ಸುಮಾರು 54 ಸಾವಿರ ರೂಪಾಯಿ, ಏಪ್ರಿಲ್ 5ರಿಂದ ರವಾನೆ. ಮೂರನೆಯದು ಸೋನಿಯ ಪ್ಲೇಸ್ಟೇಷನ್ ವಿಆರ್. 399 ಡಾಲರ್, ಅಕ್ಟೋಬರಿನಲ್ಲಿ ಬರುವುದು.

ಬೆಲೆಯನ್ನೇ ನೋಡುವುದಾದರೆ ಸೋನಿಯದೇ ಸರಿ. ಅದನ್ನು ನಡೆಸುವ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರವು ಆಗಲೇ ಮೂರೂವರೆ ಕೋಟಿಗೂ ಮಿಕ್ಕಿ ಮನೆಗಳಲ್ಲಿತ್ತು. ಕನ್ನಡಕ ಹಾಕಿಕೊಂಡವರಿಗೂ ಅದು ಹಿತವೆಂದು ನೋಡಿದವರು ಬರೆದಿದ್ದರು. ಭಾರವು ಮೂಗಿನ ಮೇಲೆ ಬೀಳದೆ ಹಣೆಯ ಪಟ್ಟಿಯ ಮೇಲೆ ನಿಲ್ಲುವಂತೆ ಮಾಡಿದ್ದರು. ಆದರೆ ಅದು ಆಟದ ಯಂತ್ರಕ್ಕೆ ಕಟ್ಟಿಹಾಕಿದ ಕನ್ನಡಕ. ನಮ್ಮ ಹುಡುಗನು ತಾನು ಬರೆದ ಮನೆಯನ್ನು ಅದರೊಳಗೆ ತಂದು ನಿಲ್ಲಿಸುವಂತಿರಲಿಲ್ಲ. ಹೀಗಾಗಿ ಅದನ್ನು ನಾವು ಬಲುಬೇಗ ಬದಿಗಿಟ್ಟೆವು.

ಉಳಿದೆರಡರ ವಿವರಪಟ್ಟಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಲೆ ಕೆರೆದುಕೊಳ್ಳಬೇಕು. ಎರಡರಲ್ಲಿಯೂ ಒಂದೊಂದು ಕಣ್ಣಿಗೆ 1080ಕ್ಕೆ 1200 ಚುಕ್ಕೆಗಳ ಪರದೆ. ಎರಡೂ ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತವೆ. ಎರಡಕ್ಕೂ ಶಕ್ತಿಶಾಲಿಯಾದ ಗಣಕಯಂತ್ರ ಬೇಕು, ಎರಡಕ್ಕೂ ಬಾಲದಂತೆ ಎಳೆದುಕೊಂಡು ಹೋಗಬೇಕಾದ ತಂತಿಯುಂಟು. ಹಾಗಿದ್ದರೆ 14 ಸಾವಿರ ರೂಪಾಯಿ ಹೆಚ್ಚು ಏತಕ್ಕೆ?

ಉತ್ತರವು ಕಣ್ಣಿನಲ್ಲಿರಲಿಲ್ಲ, ಕೈಕಾಲುಗಳಲ್ಲಿತ್ತು. ರಿಫ್ಟಿನ ಮೈಮೇಲೆ ನಮಗೆ ಕಾಣದ ಅವಗೆಂಪು ದೀಪಗಳಿದ್ದು, ಮೇಜಿನ ಮೇಲಿಟ್ಟ ಒಂದು ಕ್ಯಾಮೆರಾ ಅವುಗಳನ್ನು ನೋಡಿ ತಲೆ ಎಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ಕುರ್ಚಿಯಲ್ಲಿ ಕುಳಿತವರಿಗೆ ಇದು ಸಾಕು. ವೈವಿನದು ತಿರುಗುಮುರುಗಾದ ಉಪಾಯ. ಕೋಣೆಯ ಎದುರುಬದುರು ಮೂಲೆಗಳಲ್ಲಿ, ಆಳೆತ್ತರಕ್ಕಿಂತ ಮೇಲೆ, ಎರಡು ಪುಟ್ಟ ಪೆಟ್ಟಿಗೆಗಳನ್ನು ಜೋಡಿಸಬೇಕು. ಅವು ಕಣ್ಣಿಗೆ ಕಾಣದ ಲೇಸರ್ ಕಿರಣವನ್ನು ಕಸಬರಿಗೆಯಿಂದ ಗುಡಿಸಿದಂತೆ ಕೋಣೆಯ ಉದ್ದಗಲಕ್ಕೂ ಬೀಸುತ್ತಿರುತ್ತವೆ. ಹೆಡ್‌ಸೆಟ್ಟಿನ ಮೇಲಿರುವ ಮೂವತ್ತಕ್ಕೂ ಹೆಚ್ಚು ಗ್ರಾಹಕಗಳು, ಕಿರಣವು ತಮ್ಮನ್ನು ಯಾವ ಕ್ಷಣದಲ್ಲಿ ಮುಟ್ಟಿತೆಂಬುದರಿಂದ ತಾವಿರುವ ಜಾಗವನ್ನು ಕಂಡುಕೊಳ್ಳುತ್ತವೆ. ಬೆಳಕು ಬಂದ ಹೊತ್ತನ್ನು ಎಣಿಸಿ ಜಾಗ ಹೇಳುವ ಈ ಯುಕ್ತಿಯನ್ನು ಓದಿದಾಗ ನಮಗೆ ಮೆಚ್ಚಿಗೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆರೂವರೆ ಅಡಿಗೆ ಐದು ಅಡಿ ಜಾಗ ತೆರವಿದ್ದರೆ ಸಾಕು, ಎದ್ದು ನಡೆದಾಡಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು. ಪೆಟ್ಟಿಗೆಗಳ ನಡುವೆ ಹದಿನಾರು ಅಡಿಯವರೆಗೂ ಅಂತರವಿಡಬಹುದು.

ಅದಕ್ಕಿಂತ ಮುಖ್ಯವಾದದ್ದು ಕೈ. ವೈವಿನೊಂದಿಗೆ ಎರಡು ಹಿಡಿಕೆಗಳು ಬರುತ್ತಿದ್ದವು; ಅವನ್ನು ಹಿಡಿದು ಕೈಚಾಚಿದರೆ ಒಳಗಿನ ಲೋಕದಲ್ಲಿಯೂ ಕೈ ಚಾಚುತ್ತದೆ. ರಿಫ್ಟಿನೊಂದಿಗೆ ಅಂದು ಬರುತ್ತಿದ್ದುದು ಆಟದ ಗುಂಡಿಗಳ ಸಾಮಾನ್ಯ ನಿಯಂತ್ರಕ ಮಾತ್ರ. ಟಚ್ ಎಂಬ ಅದರ ಹಿಡಿಕೆಗಳು ಆಮೇಲೆ ಬರುತ್ತವೆಂದು ಹೇಳಿದ್ದರು. ಅವು ಬಂದದ್ದು 2016ರ ಡಿಸೆಂಬರಿನಲ್ಲಿ, ಬೇರೆ 199 ಡಾಲರ್ ಬೆಲೆಗೆ. ಎರಡನ್ನೂ ಕೂಡಿಸಿದರೆ ವೈವಿನ ಬೆಲೆಗೆ ಒಂದೇ ಡಾಲರ್ ಕಡಿಮೆ! ಗೂಡು ಎಟುಕುತ್ತದೆಯೋ ಇಲ್ಲವೋ ಎಂದು ಕುರ್ಚಿಯಲ್ಲಿ ಕುಳಿತು ತಿಳಿಯಲಾಗದು. ಎದ್ದು ನಿಂತು ಕೈ ಎತ್ತಿಯೇ ನೋಡಬೇಕು. "ವೈವ್ ತಗೋ, ಆದರೆ ಈಗಲೇ ಬೇಡ" ಎಂದು ನಾವು ಹೇಳಿದೆವು.

ಈಗಲೇ ಬೇಡವೆಂದದ್ದಕ್ಕೆ ಕಾರಣವಿತ್ತು. ನಕ್ಷೆಯ ಕಾಗದ ನಂಬಿ ಅಡುಗೆಮನೆ ಕೆಡಿಸಿಕೊಂಡ ಮನೆತನದವರಾದ ನಾವು, ಕಾಗದದ ಮೇಲಿನ ವಿವರ ನೋಡಿಯೇ ಕನ್ನಡಕವನ್ನೂ ಆರಿಸುತ್ತಿದ್ದೆವಲ್ಲ! ಆದುದರಿಂದ ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ರಟ್ಟಿನ ಪೆಟ್ಟಿಗೆಯನ್ನು ತರಿಸಿದೆವು. ಗೂಗಲ್ ಸಂಸ್ಥೆಯವರು 2014ರಲ್ಲಿ ಕಾರ್ಡ್‌ಬೋರ್ಡ್ ಎಂಬ ಹೆಸರಿನಿಂದ ಬಳಕೆಗೆ ತಂದ ಮಾದರಿ ಅದು. ಒಳಗೆ ಮೊಬೈಲ್ ಇಟ್ಟು ಎರಡು ಮಸೂರಗಳ ಮೂಲಕ ನೋಡುವುದು. ಸುತ್ತ ನೋಡಲು ಚೆನ್ನಾಗಿತ್ತು, ಆದರೆ ಒಂದು ಹೆಜ್ಜೆ ಮುಂದಿಟ್ಟರೆ ಗೋಡೆಯೂ ನಮ್ಮೊಡನೆ ಅಷ್ಟೇ ಮುಂದೆ ಸರಿಯುತ್ತಿತ್ತು. ಐದು ನಿಮಿಷಕ್ಕೆ ನಮಗೆ ವಾಕರಿಕೆ ಬಂದಿತು. ಮೈ ಚಲಿಸಿದ್ದು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಈ ಎರಡರ ಜಗಳ ಹೊಟ್ಟೆಯಲ್ಲಿ ಮುಗಿಯುತ್ತದೆ. ತಲೆ ತಿರುಗಿದ ಮೇಲೆ ಚಿತ್ರ ತಿರುಗಲು ಸೆಕೆಂಡಿನ ಐವತ್ತನೆಯ ಒಂದು ಪಾಲಿಗಿಂತ ಹೆಚ್ಚು ತಡವಾಗಬಾರದೆಂದು ತಯಾರಕರು ಹೆಣಗಿದ್ದು ಇದಕ್ಕಾಗಿಯೇ. ಮಕ್ಕಳಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು: ರಿಫ್ಟನ್ನು 13 ವರ್ಷದೊಳಗಿನವರಿಗೆ, ಪ್ಲೇಸ್ಟೇಷನ್ ವಿಆರ್ ಅನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು ಮಾಡಿದವರೇ ಹೇಳಿದ್ದರು.

ನಮ್ಮ ಎಣಿಕೆಯಲ್ಲಿ ತಪ್ಪಿದ್ದನ್ನೂ ಹೇಳಿಬಿಡಬೇಕು. ಮುಂದಿನ ಹೆಡ್‌ಸೆಟ್ಟುಗಳೆಲ್ಲ ಲೇಸರ್ ಪೆಟ್ಟಿಗೆಯ ದಾರಿಯನ್ನೇ ಹಿಡಿಯುತ್ತವೆಂದು ನಾವು ಬಲವಾಗಿ ನಂಬಿದ್ದೆವು. ಹಾಗಾಗಲಿಲ್ಲ. 2019ರ ಮೇ ತಿಂಗಳಲ್ಲಿ ಬಂದ ಓಕ್ಯುಲಸ್ ಕ್ವೆಸ್ಟ್ ಎಂಬುದು ತನ್ನ ಮೈಮೇಲಿನ ನಾಲ್ಕು ಕ್ಯಾಮೆರಾಗಳಿಂದ ತಾನೇ ಕೋಣೆಯನ್ನು ನೋಡಿಕೊಂಡು, ಗಣಕಯಂತ್ರವೂ ತಂತಿಯೂ ಇಲ್ಲದೆ 399 ಡಾಲರಿಗೆ ನಡೆಯಿತು. ನಾವು ಬೇಗನೆ ಬದಿಗಿಟ್ಟ ಪ್ಲೇಸ್ಟೇಷನ್ ವಿಆರ್ 2018ರ ಆಗಸ್ಟ್ ಹೊತ್ತಿಗೆ 30 ಲಕ್ಷ ಮಾರಾಟವಾಗಿತ್ತು. ಆದರೆ ಕುಳಿತು ನೋಡುವುದಲ್ಲ, ನಡೆದು ಮುಟ್ಟಿ ನೋಡುವುದು ಎಂಬ ನಮ್ಮ ಆಯ್ಕೆಯ ಮಾತು ಉಳಿಯಿತು. ಆಮೇಲೆ ಬಂದ ಹೆಚ್ಚಿನವು ಕೈಗೆ ಹಿಡಿಕೆ ಕೊಟ್ಟೇ ಬಂದಿವೆ.

ಹುಡುಗನು 2017ರ ಮಳೆಗಾಲದಲ್ಲಿ ವೈವ್ ಕೊಂಡನು. ಅಷ್ಟರಲ್ಲಿ ಬೆಲೆ ನಮ್ಮ ಲೆಕ್ಕವನ್ನು ಮೀರಿತ್ತು. ಕೊರತೆ ಬಿದ್ದದ್ದನ್ನು ಭಾವನವರೇ, ಏನೂ ಮಾತಾಡದೆ, ತುಂಬಿದರು. ಕಚೇರಿಯ ಹಿಂದಿನ ಕೋಣೆಯನ್ನು ತೆರವು ಮಾಡಿ ಪೆಟ್ಟಿಗೆಗಳನ್ನು ಗೋಡೆಗೆ ಜೋಡಿಸಿದನು. ಮೊದಲು ಯಾವ ಗಿರಾಕಿಯನ್ನೂ ಕರೆಯಲಿಲ್ಲ. ತಾಯಿಯನ್ನು ಕರೆದನು. ಅವರ ಅಡುಗೆಮನೆಯನ್ನೇ ಅಳತೆ ತೆಗೆದು, ಒಡೆದು ಕಟ್ಟಿದರೆ ಹೇಗಿರುತ್ತದೆಂದು ಗಣಕದಲ್ಲಿ ಬರೆದಿಟ್ಟಿದ್ದನು. ನಾವೂ ಅಲ್ಲಿದ್ದೆವು.

ಅಕ್ಕನವರು ಸೆರಗು ಸಿಕ್ಕಿಸಿಕೊಂಡು, ಕನ್ನಡಕದ ಮೇಲೆಯೇ ಅದನ್ನು ತೊಟ್ಟು, ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ಬಲಗೈ ಮೇಲೆತ್ತಿದರು. "ಇಷ್ಟು ಎತ್ತರ ಬೇಡಪ್ಪ" ಎಂದರು. ಮಗನು ಗಣಕದಲ್ಲಿ ಗೂಡನ್ನು ಇಳಿಸಿದನು. "ಇನ್ನೂ ಇಳಿಸು." ಮತ್ತೆ ಇಳಿಸಿದನು. ಐದು ಅಡಿಗೆ ಬಂದಾಗ "ಹೂಂ, ಈಗ ಸರಿಯಾತು" ಎಂದರು. ಒಲೆಯ ಮುಂದೆ ನಿಂತು, ರೊಟ್ಟಿ ಬಡಿಯುವವರಂತೆ ಎರಡೂ ಕೈ ಆಡಿಸಿ ನೋಡಿ ಕಟ್ಟೆಯನ್ನೂ ಎರಡು ಅಂಗುಲ ತಗ್ಗಿಸಿದರು. ಆಮೇಲೆ ಬಗ್ಗಿ ಕಟ್ಟೆಯ ಕೆಳಗೆ ಇಣುಕಿ, "ಸಿಲಿಂಡರ್ ಎಲ್ಲಿಟ್ಟೀಯೋ?" ಎಂದು ಕೇಳಿದರು. ಹುಡುಗನ ಮುಖ ನೋಡಬೇಕಾಗಿತ್ತು. ನಾಲ್ಕು ವರ್ಷಕ್ಕೂ ಮೇಲೆ ಕಟ್ಟಡ ವಿದ್ಯೆ ಕಲಿತವನು ಸಿಲಿಂಡರಿಗೆ ಜಾಗವನ್ನೇ ಬಿಟ್ಟಿರಲಿಲ್ಲ.

ಏಳುವಾಗ ಅಕ್ಕನವರು ಅಭ್ಯಾಸಬಲದಿಂದ ಕಟ್ಟೆಗೆ ಕೈಯೂರಲು ಹೋದರು. ಊರಲು ಕಟ್ಟೆಯಿಲ್ಲ, ಬರಿಯ ಗಾಳಿ. ಮಗನು ಹತ್ತಿರದಲ್ಲೇ ಇದ್ದು ತೋಳು ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಅಂದಿನಿಂದ ಅವನು ಯಾರಿಗೇ ತೋರಿಸಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಯೇ ತೋರಿಸುತ್ತಾನೆ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಮೇಸ್ತ್ರಿ ಬಂದು ಗೂಡನ್ನೂ ಕಟ್ಟೆಯನ್ನೂ ಒಡೆದನು. ಕೆಲಸಕ್ಕೆ ಹದಿನೆಂಟು ದಿನ ಹಿಡಿಯಿತು. ಸಿಲಿಂಡರಿಗೆ ಹಿತ್ತಿಲ ಕಡೆ ಜಾಗ ಮಾಡಿ ಕೊಳವೆ ಎಳೆದರು. ಫ್ರಿಜ್ಜು ಮಾತ್ರ ನಡುಮನೆಗೆ ಬಂದಿದೆ, ಭಾವನವರು ಪತ್ರಿಕೆ ಓದುವ ಕುರ್ಚಿ ಇದ್ದ ಜಾಗಕ್ಕೆ. ಆ ಬಗೆಗಿನ ಅವರ ಅಸಮಾಧಾನ ಇನ್ನೂ ತೀರಿಲ್ಲ.