‘ಸಮ್ಮೇಳನದಲ್ಲಿ ಮಂಡನೆಯಾಗಿದೆ’ ಎಂದರೆ ಸಾಬೀತಾಗಿದೆ ಎಂದರ್ಥವೇ?

“ಚರ್ಮರೋಗ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವೈದ್ಯರೇ ಒಪ್ಪಿಕೊಂಡ ಸತ್ಯ! ಈ ಎಲೆಯ ರಸ ಹಚ್ಚಿದರೆ ಮೂರೇ ವಾರದಲ್ಲಿ ಬಿಳಿ ಮಚ್ಚೆ ಮಾಯ. ಔಷಧ ಕಂಪನಿಗಳು ಇದನ್ನು ಮುಚ್ಚಿಡುವ ಮೊದಲು ಎಲ್ಲರಿಗೂ ಕಳುಹಿಸಿ.”

ಈ ಜಾತಿಯ ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಎಲೆಯ ಹೆಸರು ಬದಲಾಗುತ್ತದೆ, ರೋಗದ ಹೆಸರು ಬದಲಾಗುತ್ತದೆ. ಆದರೆ ‘ಸಮ್ಮೇಳನದಲ್ಲಿ ಮಂಡಿಸಲಾಗಿದೆ’ ಎಂಬ ಮಾತು ಬದಲಾಗುವುದಿಲ್ಲ. ಆ ಮಾತು ಕೇಳಿದ ಕೂಡಲೇ ನಮ್ಮ ಅನುಮಾನ ಅರ್ಧ ಕರಗುತ್ತದೆ. ಅಷ್ಟೊಂದು ವೈದ್ಯರು ಸೇರಿದ ಕಡೆ ಸುಳ್ಳು ಹೇಳುತ್ತಾರೆಯೇ ಎಂದು ನಾವು ಯೋಚಿಸುತ್ತೇವೆ.

ಇಂತಹ ಸಂದೇಶಗಳಲ್ಲಿ ಎಲ್ಲವೂ ಪೂರ್ತಿ ಸುಳ್ಳಾಗಿರುವುದಿಲ್ಲ ಎಂಬುದೇ ನಿಜವಾದ ತೊಂದರೆ. ಕೆಲವೊಮ್ಮೆ ಸಮ್ಮೇಳನ ನಡೆದಿರುತ್ತದೆ, ಅಲ್ಲಿ ಯಾರೋ ಒಬ್ಬರು ಪೋಸ್ಟರ್ ಹಾಕಿರುತ್ತಾರೆ, ಅದರ ಸಾರಾಂಶ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಆದರೂ ಸಂದೇಶ ಹೇಳುವುದು ಸಾಬೀತಾಗಿರುವುದಿಲ್ಲ. ಇದು ಹೇಗೆ ಸಾಧ್ಯ? ಅದನ್ನು ತಿಳಿಯಬೇಕಾದರೆ, ಒಂದು ಸಂಶೋಧನೆ ಸಮ್ಮೇಳನದ ಬಾಗಿಲು ದಾಟುವುದು ಹೇಗೆ ಎಂದು ನೋಡಬೇಕು.

ಅಬ್‌ಸ್ಟ್ರಾಕ್ಟ್ ಅಂದರೆ ಏನು?

ಭಾರತದ ಚರ್ಮರೋಗ ತಜ್ಞರ ಸಂಘ ಐಎಡಿವಿಎಲ್ ಪ್ರತಿವರ್ಷ ‘ಡರ್ಮಾಕಾನ್’ ಎಂಬ ರಾಷ್ಟ್ರೀಯ ಸಮ್ಮೇಳನ ನಡೆಸುತ್ತದೆ. ಕರ್ನಾಟಕವೂ ಸೇರಿ ರಾಜ್ಯ ಶಾಖೆಗಳು ‘ಕ್ಯೂಟಿಕಾನ್’ ನಡೆಸುತ್ತವೆ. ಅಮೆರಿಕ, ಯುರೋಪಿನಲ್ಲೂ ಇಂತಹ ದೊಡ್ಡ ವಾರ್ಷಿಕ ಸಭೆಗಳಿವೆ. ಇಂತಹ ಕಡೆ ತಮ್ಮ ಕೆಲಸ ಮಂಡಿಸಬೇಕೆಂದವರು ಕೆಲವು ತಿಂಗಳು ಮೊದಲೇ ಅದರ ಸಾರಾಂಶ ಬರೆದು ಕಳುಹಿಸಬೇಕು. ಅದೇ ಅಬ್‌ಸ್ಟ್ರಾಕ್ಟ್.

ಅದರ ಗಾತ್ರ ಬಹಳ ಚಿಕ್ಕದು. ಸಾಮಾನ್ಯವಾಗಿ 250ರಿಂದ 300 ಪದ, ಅಂದರೆ ಮೊಬೈಲಿನಲ್ಲಿ ಎರಡು ಬಾರಿ ಬೆರಳು ಸರಿಸಿದರೆ ಮುಗಿಯುವಷ್ಟು. ಅಷ್ಟರಲ್ಲಿ ನಾಲ್ಕು ವಿಷಯ ಹೇಳಬೇಕು: ಈ ಅಧ್ಯಯನ ಏಕೆ ಮಾಡಿದೆವು, ಹೇಗೆ ಮಾಡಿದೆವು, ಏನು ಸಿಕ್ಕಿತು, ಅದರಿಂದ ಏನು ತಿಳಿಯಿತು. ಜೊತೆಗೆ ಲೇಖಕರ ಹೆಸರು, ಯಾವ ವಿಭಾಗಕ್ಕೆ ಸೇರಿದ್ದು, ಕಂಪನಿಗಳಿಂದ ಹಣ ಪಡೆದಿದ್ದರೆ ಅದರ ವಿವರವನ್ನೂ ಕೇಳುತ್ತಾರೆ. ರೋಗಿಗಳ ಮೇಲೆ ನಡೆದ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು.

ಹೀಗೆ ಬಂದ ಸಾರಾಂಶಗಳನ್ನು ತಜ್ಞರು ಓದಿ ಅಂಕ ಕೊಡುತ್ತಾರೆ. ವಿಷಯ ಹೊಸದೇ? ವಿಧಾನ ಸರಿಯಾಗಿದೆಯೇ? ಬರಹ ಸ್ಪಷ್ಟವಾಗಿದೆಯೇ? ಎಂದು ನೋಡುತ್ತಾರೆ. ಹೆಚ್ಚು ಅಂಕ ಬಂದ ಕೆಲವಕ್ಕೆ ವೇದಿಕೆಯ ಮೇಲೆ ಕೆಲವು ನಿಮಿಷ ಮಾತನಾಡುವ ಅವಕಾಶ ಸಿಗುತ್ತದೆ. ಉಳಿದವುಗಳಲ್ಲಿ ಬಹಳಷ್ಟು ಪೋಸ್ಟರ್ ಆಗುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪರಿಶೀಲಿಸುವವರ ಕೈಗೆ ಸಿಗುವುದು ಆ 300 ಪದ ಮಾತ್ರ. ರೋಗಿಗಳ ದಾಖಲೆ, ಪೂರ್ತಿ ಲೆಕ್ಕಾಚಾರ, ಮಧ್ಯದಲ್ಲೇ ಬಿಟ್ಟುಹೋದವರ ವಿವರ ಅವರ ಮುಂದೆ ಇರುವುದಿಲ್ಲ. ಹಾಗಾಗಿ ಅವರು ಕೇಳುವುದು ‘ಇದು ನಿಜವೇ?’ ಎಂಬ ಪ್ರಶ್ನೆಯನ್ನಲ್ಲ, ‘ಇದು ಚರ್ಚೆಗೆ ಯೋಗ್ಯವೇ?’ ಎಂಬುದನ್ನು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮಾತ್ರಕ್ಕೆ ಮದುವೆ ಆಯಿತು ಎನ್ನುತ್ತೇವೆಯೇ? ಇದೂ ಹಾಗೆಯೇ. ಮಾತುಕತೆ ಶುರುವಾಗಿದೆ, ಅಷ್ಟೇ.

ನೂರರಲ್ಲಿ ಎಷ್ಟು ದಡ ಸೇರುತ್ತವೆ?

ಸಮ್ಮೇಳನದಲ್ಲಿ ಮಂಡನೆಯಾದ ಸಂಶೋಧನೆಗಳಲ್ಲಿ ಎಷ್ಟು ಮುಂದೆ ಪೂರ್ಣ ಲೇಖನವಾಗಿ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ? ಕಾಕ್ರೇನ್ ಸಂಸ್ಥೆ 2018ರಲ್ಲಿ ಇದರ ದೊಡ್ಡ ಪರಿಶೀಲನೆಯನ್ನು ಪ್ರಕಟಿಸಿತು. ವೈದ್ಯಕೀಯದ ಬೇರೆ ಬೇರೆ ಶಾಖೆಗಳ 3 ಲಕ್ಷಕ್ಕೂ ಹೆಚ್ಚು ಸಾರಾಂಶಗಳ ಲೆಕ್ಕ ಅದರಲ್ಲಿತ್ತು. ಪೂರ್ಣ ಲೇಖನವಾಗಿ ಹೊರಬಂದದ್ದು ನೂರಕ್ಕೆ ಸುಮಾರು 37 ಮಾತ್ರ. ಅಂದರೆ ಮೂರರಲ್ಲಿ ಎರಡರಷ್ಟು ಸಾರಾಂಶದ ಹಂತದಲ್ಲೇ ನಿಂತುಬಿಟ್ಟಿವೆ. ಒಳ್ಳೆಯ ಫಲಿತಾಂಶ ತೋರಿಸಿದ ಅಧ್ಯಯನಗಳು ಪ್ರಕಟವಾಗುವ ಸಾಧ್ಯತೆ ಹೆಚ್ಚು ಎಂದೂ ಅದರಲ್ಲಿ ಕಂಡುಬಂತು. ‘ಈ ಔಷಧ ಕೆಲಸ ಮಾಡಲಿಲ್ಲ’ ಎನ್ನುವ ಅಧ್ಯಯನಗಳು ಕಣ್ಣಿಗೆ ಬೀಳುವುದೇ ಕಡಿಮೆ.

ನಿಂತುಹೋದದ್ದೆಲ್ಲ ಸುಳ್ಳು ಎಂದಲ್ಲ. ಸ್ನಾತಕೋತ್ತರ ವಿದ್ಯಾರ್ಥಿ ಕೋರ್ಸ್ ಮುಗಿಸಿ ಬೇರೆ ಊರಿಗೆ ಹೋಗಿರಬಹುದು, ಬರೆಯಲು ಸಮಯ ಸಿಗದೇ ಇರಬಹುದು. ಪೂರ್ಣ ಲೇಖನವನ್ನು ಪರಿಶೀಲಿಸಿದ ತಜ್ಞರು ದೋಷ ಕಂಡುಹಿಡಿದಿರಲೂಬಹುದು. ಯಾವ ಕಾರಣ ಎಂದು ಹೊರಗಿನವರಾದ ನಮಗೆ ತಿಳಿಯುವುದಿಲ್ಲ. ಆದ್ದರಿಂದಲೇ ಬರೀ ಸಾರಾಂಶವನ್ನು ನಂಬಿ ಚಿಕಿತ್ಸೆ ಬದಲಿಸಬಾರದು.

ಇನ್ನೊಂದು ಗೊಂದಲವೂ ಇದೆ. ಅಮೆರಿಕದ ಸೊಸೈಟಿ ಫಾರ್ ಇನ್ವೆಸ್ಟಿಗೇಟಿವ್ ಡರ್ಮಟಾಲಜಿಯ ವಾರ್ಷಿಕ ಸಭೆಯ ಸಾರಾಂಶಗಳು ‘ಜರ್ನಲ್ ಆಫ್ ಇನ್ವೆಸ್ಟಿಗೇಟಿವ್ ಡರ್ಮಟಾಲಜಿ’ ಎಂಬ ಹೆಸರಾಂತ ಪತ್ರಿಕೆಯ ಪುರವಣಿಯಲ್ಲಿ ಬರುತ್ತವೆ. ಅದರ ಲಿಂಕ್ ಒತ್ತಿದವರಿಗೆ ಪತ್ರಿಕೆಯ ಹೆಸರು ಕಾಣುತ್ತದೆ. ಪೂರ್ಣ ಲೇಖನವೇ ಪ್ರಕಟವಾಗಿದೆ ಎಂದು ತಿಳಿಯುವುದು ಸಹಜ. ಆದರೆ ಅಲ್ಲಿರುವುದು ಒಂದೇ ಒಂದು ಪ್ಯಾರಾ.

ಕೂದಲಿನ ಕಥೆ: ಒಬ್ಬರಿಂದ 1,200 ಜನರವರೆಗೆ

ಒಂದು ಸಂಶೋಧನೆ ನಿಜವಾಗಿ ದಡ ಸೇರುವುದು ಹೇಗಿರುತ್ತದೆ ಎಂಬುದಕ್ಕೆ ‘ಅಲೋಪೇಶಿಯಾ ಏರಿಯೇಟಾ’ ಒಳ್ಳೆಯ ಉದಾಹರಣೆ. ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ಜಾಗ ನುಣ್ಣಗಾಗುವ ಕಾಯಿಲೆ ಇದು. ‘ಹುಳ ತಿಂದಿದೆ’ ಎಂದು ಹೇಳುವವರೂ ಇದ್ದಾರೆ. ಅಲ್ಲಿ ಯಾವ ಹುಳವೂ ಇರುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತಿರುತ್ತದೆ.

2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಒಬ್ಬ ಯುವಕನ ಬಗ್ಗೆ ವರದಿ ಮಾಡಿದರು. ಅವನ ಮೈಮೇಲೆ ಎಲ್ಲೂ ಕೂದಲಿರಲಿಲ್ಲ. ಟೊಫಾಸಿಟಿನಿಬ್ ಎಂಬ ಔಷಧ ಕೊಟ್ಟ ಮೇಲೆ ತಲೆ, ಹುಬ್ಬು, ರೆಪ್ಪೆಯಲ್ಲಿ ಮತ್ತೆ ಕೂದಲು ಬಂತು. ಸುದ್ದಿ ಜಗತ್ತಿನಾದ್ಯಂತ ಹರಡಿತು. ಆದರೆ ಅದು ಒಬ್ಬ ರೋಗಿಯ ಕಥೆ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ, ಅದರಲ್ಲೂ ಮಚ್ಚೆ ಚಿಕ್ಕದಿದ್ದವರಿಗೆ, ಏನೂ ಮಾಡದಿದ್ದರೂ ಕೂದಲು ಮರಳಿ ಬರುವುದುಂಟು. ಔಷಧದಿಂದ ಬಂತೋ ತಾನಾಗಿಯೇ ಬಂತೋ ಎಂದು ಹೋಲಿಕೆ ಇಲ್ಲದೆ ಖಚಿತವಾಗಿ ಹೇಳಲಾಗದು.

ಮುಂದೆ ಅದೇ ಗುಂಪಿಗೆ ಸೇರಿದ ಬಾರಿಸಿಟಿನಿಬ್ ಎಂಬ ಔಷಧವನ್ನು ಎರಡು ದೊಡ್ಡ ಪ್ರಯೋಗಗಳಲ್ಲಿ, ಒಟ್ಟು 1,200 ವಯಸ್ಕ ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಔಷಧ, ಕೆಲವರಿಗೆ ನೋಡಲು ಹಾಗೆಯೇ ಇರುವ ಆದರೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 36 ವಾರಗಳ ನಂತರ, ಹೆಚ್ಚಿನ ಪ್ರಮಾಣದ ಔಷಧ ಪಡೆದ ನೂರು ಜನರಲ್ಲಿ 36ರಿಂದ 39 ಜನರಿಗೆ ತಲೆಯ ಶೇಕಡಾ 80ರಷ್ಟು ಭಾಗದಲ್ಲಾದರೂ ಕೂದಲಿತ್ತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಈ ಸಂಖ್ಯೆ ನೂರಕ್ಕೆ 3ರಿಂದ 6. ಪೂರ್ಣ ಲೇಖನ 2022ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ, ತೀವ್ರ ಸ್ವರೂಪದ ಕಾಯಿಲೆ ಇರುವ ವಯಸ್ಕರಿಗೆ ಈ ಔಷಧವನ್ನು ಒಪ್ಪಿತು. ಗಂಭೀರ ಸೋಂಕು, ರಕ್ತ ಹೆಪ್ಪುಗಟ್ಟುವಿಕೆಯಂತಹ ಅಪಾಯಗಳ ಎಚ್ಚರಿಕೆಯೂ ಅದರ ಜೊತೆಗಿದೆ.

ಒಬ್ಬ ರೋಗಿಯಿಂದ ಒಪ್ಪಿಗೆಯವರೆಗೆ 8 ವರ್ಷ. ಇಷ್ಟಾದರೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಮಟ್ಟದ ಫಲ ಸಿಗಲಿಲ್ಲ. ವಯಸ್ಸಾದಂತೆ ಬರುವ ಸಾಮಾನ್ಯ ಬೋಳುತಲೆಗೆ ಈ ಒಪ್ಪಿಗೆ ಅನ್ವಯಿಸುವುದೂ ಇಲ್ಲ. ‘ಬೋಳುತಲೆಗೆ ಮಾತ್ರೆ ಬಂತು’ ಎಂಬ ಫಾರ್ವರ್ಡ್‌ನಲ್ಲಿ ಈ ಯಾವ ಮಾತೂ ಇರುವುದಿಲ್ಲ.

ಈರುಳ್ಳಿ ರಸದ ಸಂದೇಶವೂ ಇದೇ ಕಾಯಿಲೆಯದ್ದು. 2002ರಲ್ಲಿ ಇರಾಕ್‌ನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದ್ದು ನಿಜ. ಈರುಳ್ಳಿ ರಸ ಹಚ್ಚಿದ 23 ಜನರಲ್ಲಿ 20 ಜನರಿಗೆ, ನಲ್ಲಿ ನೀರು ಹಚ್ಚಿದ 15 ಜನರಲ್ಲಿ 2 ಜನರಿಗೆ ಕೂದಲು ಬಂತು. ಕೇಳಲು ಚೆನ್ನಾಗಿದೆ. ಆದರೆ ಒಟ್ಟು ಜನ 38 ಮಾತ್ರ. ತನ್ನ ತಲೆಗೆ ಹಚ್ಚಿದ್ದು ಈರುಳ್ಳಿಯೋ ನೀರೋ ಎಂಬುದು ಮೂಗಿದ್ದವರಿಗೆಲ್ಲ ತಿಳಿಯುತ್ತದೆ. ಇದು ಕೂಡ ಸಾಮಾನ್ಯ ಬೋಳುತಲೆಯ ಮೇಲೆ ನಡೆದ ಅಧ್ಯಯನವಲ್ಲ.

ಹಾಗಾದರೆ ಚಿಕ್ಕ ವರದಿಗಳು ವ್ಯರ್ಥವೇ?

ಖಂಡಿತ ಅಲ್ಲ. 2008ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು ಒಂದು ಪುಟ್ಟ ಪತ್ರ ಬರೆದರು. ಹೃದಯದ ತೊಂದರೆಗೆ ಕೊಡುವ ಪ್ರೊಪ್ರನಲಾಲ್ ಔಷಧದಿಂದ, ಶಿಶುಗಳ ಚರ್ಮದ ಮೇಲೆ ಬೆಳೆಯುವ ಕೆಂಪು ರಕ್ತನಾಳದ ಗಡ್ಡೆ ಕುಗ್ಗಿದ್ದನ್ನು ಅವರು ಆಕಸ್ಮಿಕವಾಗಿ ಗಮನಿಸಿದ್ದರು. ಅದರಲ್ಲಿ ಇದ್ದದ್ದು 11 ಮಕ್ಕಳು. ಆ ಪತ್ರ ಓದಿದ ಬೇರೆಯವರು ಪರೀಕ್ಷಿಸಿದರು, ದೊಡ್ಡ ಪ್ರಯೋಗ ನಡೆಯಿತು, ಇವತ್ತು ಅದು ಆ ಗಡ್ಡೆಗೆ ಮುಖ್ಯ ಚಿಕಿತ್ಸೆ. ಚಿಕ್ಕ ವರದಿ, ಸಮ್ಮೇಳನದ ಪೋಸ್ಟರ್ ಇವೆಲ್ಲ ವೈದ್ಯರು ವೈದ್ಯರಿಗೆ ಹೇಳುವ ಮಾತು: ‘ನಾವು ಹೀಗೊಂದು ಕಂಡೆವು, ನೀವೂ ಸ್ವಲ್ಪ ನೋಡಿ’ ಎಂದು. ಆ ಮಾತನ್ನು ರೋಗಿಗೆ ಕೊಟ್ಟ ಔಷಧ ಚೀಟಿ ಎಂದು ಓದಿದಾಗ ಅಪಾಯ ಶುರುವಾಗುತ್ತದೆ.

ಹೆಸರಿಗೆ ಮಾತ್ರ ಸಮ್ಮೇಳನ

ಹಣಕ್ಕಾಗಿಯೇ ನಡೆಯುವ ಸಮ್ಮೇಳನಗಳೂ ಇವೆ. ಶುಲ್ಕ ಕಟ್ಟಿದರೆ ಅಲ್ಲಿ ಏನನ್ನೂ ಮಂಡಿಸಬಹುದು. 2005ರಲ್ಲಿ ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳು ಕಂಪ್ಯೂಟರ್ ಪ್ರೋಗ್ರಾಂ ಒಂದರಿಂದ ಅರ್ಥವೇ ಇಲ್ಲದ ಪ್ರಬಂಧ ತಯಾರಿಸಿ ಒಂದು ಸಮ್ಮೇಳನಕ್ಕೆ ಕಳುಹಿಸಿದ್ದರು. ಅದು ಸ್ವೀಕಾರವಾಯಿತು! 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದಕ್ಕೆ 5 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಟ್ಟುವಂತೆ ಆದೇಶಿಸಿತು. ಹೆಸರಾಂತ ವಿಜ್ಞಾನಿಗಳು ಬರುತ್ತಾರೆಂದು ಅವರ ಒಪ್ಪಿಗೆಯಿಲ್ಲದೆ ಸಮ್ಮೇಳನದ ಜಾಹೀರಾತು ಕೊಟ್ಟದ್ದು ಅದರ ಮೇಲಿದ್ದ ಆರೋಪಗಳಲ್ಲಿ ಒಂದು. ‘ಅಂತರರಾಷ್ಟ್ರೀಯ’ ಎಂಬ ಪದ ನೋಡಿ ಮರುಳಾಗಬೇಕಿಲ್ಲ.

ಕಳೆದುಕೊಳ್ಳುವುದೇನು?

‘ಎಲೆ ರಸ ಹಚ್ಚಿದರೆ ಏನು ಮಹಾ ನಷ್ಟ’ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಮೈಮೇಲಿನ ಎಲ್ಲ ಬಿಳಿಚಿದ ಮಚ್ಚೆಯೂ ತೊನ್ನಲ್ಲ. ಮುಟ್ಟಿದರೆ ಸ್ಪರ್ಶ ತಿಳಿಯದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಔಷಧವಿದೆ, ಪೂರ್ತಿ ವಾಸಿಯಾಗುತ್ತದೆ. ಆದರೆ ರಸ ಹಚ್ಚುತ್ತಾ ತಿಂಗಳುಗಟ್ಟಲೆ ಕಾದರೆ ನರಗಳಿಗೆ ಆದ ಹಾನಿ ಮರಳಿ ಸರಿಹೋಗದೇ ಇರಬಹುದು. ಹಾಗೆಯೇ ಫಾರ್ವರ್ಡ್ ನಂಬಿ, ತಿಂಗಳುಗಳಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಸೋರಿಯಾಸಿಸ್ ಇದ್ದವರಲ್ಲಿ ಕಾಯಿಲೆ ಏಕಾಏಕಿ ಕೆರಳಬಹುದು.

ಮುಂದಕ್ಕೆ ಕಳುಹಿಸುವ ಮೊದಲು ಐದು ಪ್ರಶ್ನೆ

1. ಇದು ಸಾರಾಂಶವೋ, ಪೂರ್ಣ ಲೇಖನವೋ? ಲಿಂಕ್ ತೆರೆದಾಗ ಒಂದೇ ಪ್ಯಾರಾ ಇದ್ದು, ‘ಸಪ್ಲಿಮೆಂಟ್’ ಅಥವಾ ‘ಮೀಟಿಂಗ್ ಅಬ್‌ಸ್ಟ್ರಾಕ್ಟ್’ ಎಂದಿದ್ದರೆ ಅದು ಸಾರಾಂಶ. ಪೂರ್ಣ ಲೇಖನ ಬಂದಿದೆಯೇ ಎಂದು ಪಬ್‌ಮೆಡ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು.

2. ಎಷ್ಟು ಜನರ ಮೇಲೆ ನಡೆದದ್ದು? ಒಬ್ಬರೋ, ಹನ್ನೊಂದೋ, ಸಾವಿರವೋ? ಅಥವಾ ಇಲಿಯ ಮೇಲೋ?

3. ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ? ‘20 ಜನರಲ್ಲಿ 15 ಜನರಿಗೆ ವಾಸಿಯಾಯಿತು’ ಎಂದರೆ ಸಾಲದು. ಔಷಧ ಇಲ್ಲದೆ ಎಷ್ಟು ಜನರಿಗೆ ವಾಸಿಯಾಗುತ್ತಿತ್ತು ಎಂಬುದೂ ಗೊತ್ತಾಗಬೇಕು.

4. ಮೊದಲೇ ನೋಂದಣಿಯಾಗಿತ್ತೇ? ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಬೇಕು. 2007ರಿಂದ ಇರುವ ಈ ಜಾಲತಾಣವನ್ನು ಯಾರು ಬೇಕಾದರೂ ನೋಡಬಹುದು.

5. ಸಂದೇಶದ ಕೊನೆಯಲ್ಲಿ ಏನಿದೆ? ಫೋನ್ ನಂಬರ್, ಎಣ್ಣೆ ಬಾಟಲಿಯ ಬೆಲೆ, ‘ಕೂಡಲೇ ಎಲ್ಲರಿಗೂ ಕಳುಹಿಸಿ’ ಎಂಬ ಒತ್ತಾಯ ಇದ್ದರೆ ಅದು ಸಂಶೋಧನೆಯಲ್ಲ, ವ್ಯಾಪಾರ.

ಇಷ್ಟೆಲ್ಲ ನೋಡಲು ಸಮಯವಿಲ್ಲ ಎನ್ನುವವರಿಗೆ ಒಂದು ಸುಲಭ ದಾರಿಯಿದೆ. ಆ ಸಂದೇಶವನ್ನು ಗುಂಪಿಗೆ ಕಳುಹಿಸುವ ಬದಲು ಮೊಬೈಲಿನಲ್ಲೇ ಇಟ್ಟುಕೊಳ್ಳಿ. ಮುಂದಿನ ಸಲ ಚರ್ಮದ ವೈದ್ಯರ ಬಳಿ ಹೋದಾಗ ತೋರಿಸಿ ಕೇಳಿ. ಅವರು ‘ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ’ ಎಂದರೆ ಅವರೇನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಬೇಡಿ. ಸಮ್ಮೇಳನದ ಆ ಪೋಸ್ಟರ್ ಮುಂದೆ ನಿಂತಿದ್ದರೂ ಅವರು ಅದನ್ನೇ ಹೇಳುತ್ತಿದ್ದರು.